ಗುರಿ ಹುಡುಕುವ ಕಥೆ: ಮಗಳಿಗೆ ಯಾವ ಪುಸ್ತಕ ಕೊಡಲಿ?

ಪ್ರಶ್ನೆ (ಚಿತ್ರದುರ್ಗ):
ಮಗಳು ಎಂಟನೇ ಕ್ಲಾಸು. ಅವಳು ಓದುವ ಕಥೆಗಳಲ್ಲೆಲ್ಲ ಹುಡುಗ ಮನೆ ಬಿಟ್ಟು ಹೊರಡುತ್ತಾನೆ, ಕೊನೆಗೆ ಜೀವನದ ಗುರಿ ಸಿಗುತ್ತದೆ. ಮೊನ್ನೆ ಕೋಟೆಯಲ್ಲಿ ಓಬವ್ವನ ಕಿಂಡಿ ಹತ್ತಿರ ಕೂತು ಶೇಂಗಾ ಸುಲಿಯುತ್ತಾ ಕೇಳಿದಳು: "ಅಮ್ಮಾ, ನನಗಿನ್ನೂ ಗುರಿನೇ ಸಿಕ್ಕಿಲ್ಲ. ಲೇಟಾಯ್ತಾ?" ಮಡಿಲ ತುಂಬ ಸಿಪ್ಪೆ. ಒಂದು ಕಾಳೂ ತಿಂದಿರಲಿಲ್ಲ. ಹೊಟ್ಟೆಯಲ್ಲಿ ಸಂಕಟವಾಯಿತು.

ಉತ್ತರ (ದಾವಣಗೆರೆ, ಹೈಸ್ಕೂಲ್ ಮೇಷ್ಟ್ರು):
ತೇಜಸ್ವಿಯವರ 'ಕರ್ವಾಲೊ' ಕೊಡಿ ಮೇಡಂ. 1980ರಲ್ಲಿ ಬಂದದ್ದು. ಹಾರುವ ಓತಿಯನ್ನು ಹುಡುಕಿಕೊಂಡು ಎಲ್ಲರೂ ಕಾಡಿಗೆ ಹೋಗುತ್ತಾರೆ. ಕೊನೆಗೆ ಅದು ಕಣ್ಣೆದುರೇ ತೇಲಿಕೊಂಡು ಕಣಿವೆಗೆ ಹೋಗಿಬಿಡುತ್ತದೆ, ಕೈಗೆ ಸಿಗುವುದೇ ಇಲ್ಲ. ಆದರೂ ಆ ಪ್ರಯಾಣ ದಂಡ ಅನ್ನಿಸುವುದಿಲ್ಲ. ಮುಖ್ಯವಾಗಿ ಮಂದಣ್ಣ. ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ಜೇನು, ಹುಳ, ಹಕ್ಕಿ ಬಗ್ಗೆ ಅವನಿಗೆಷ್ಟು ಗೊತ್ತು ಅಂತ ಕಂಡುಕೊಂಡವರು ವಿಜ್ಞಾನಿ ಕರ್ವಾಲೊ. ನಮ್ಮ ಕ್ಲಾಸಿನಲ್ಲಿ ಓದಿದಾಗ, ವರ್ಷವೆಲ್ಲ ಬಾಯಿ ಬಿಡದ ಹುಡುಗ ಎದ್ದು ನಿಂತು, "ಸಾರ್, ನಾನೂ ಜೇನು ಬಿಡಿಸ್ತೀನಿ" ಅಂದ.

ಇನ್ನೊಂದು ಉತ್ತರ:
ಗೋವಿನ ಹಾಡೂ ಓದಿಸಿ. ಪುಣ್ಯಕೋಟಿ ಏನನ್ನೋ ಹುಡುಕಿ ಹೊರಟವಳಲ್ಲ. ಕರುವಿಗೆ ಹಾಲು ಕೊಟ್ಟು, ಮಾತು ಉಳಿಸಿಕೊಳ್ಳಲು ಹುಲಿ ಹತ್ತಿರ ವಾಪಸ್ ನಡೆದವಳು. ಅದೂ ಪ್ರಯಾಣವೇ ಅಲ್ವಾ?

ಪ್ರಶ್ನೆ ಕೇಳಿದವರು:
'ಕರ್ವಾಲೊ' ತಂದೆ. ಸಾರ್, ರಾತ್ರಿ ಹನ್ನೊಂದಾದರೂ ಲೈಟ್ ಆರಿಸಿಲ್ಲ. ಈಗ ತಾನೇ ಬಂದು, "ಓತಿ ನಮ್ಮ ಚಂದ್ರವಳ್ಳಿಯಲ್ಲೂ ಇರುತ್ತಾ?" ಅಂತ ಕೇಳಿದಳು. ಭಾನುವಾರ ಹೋಗುತ್ತಿದ್ದೇವೆ.