ಫೈನಾನ್ಸ್ ಕೆಲಸಕ್ಕೆ ಯಾವ ಮೇಜರ್, ಯಾವ ಮೈನರ್?

ಪ್ರಶ್ನೆ:
ಮುಂದಿನ ಸೆಮಿಸ್ಟರಿಗೆ ಮೇಜರ್ (ಪದವಿಯ ಮುಖ್ಯ ವಿಷಯ) ಬರೆದುಕೊಡಬೇಕು. ಫೈನಾನ್ಸ್, ಎಕನಾಮಿಕ್ಸ್, ಗಣಿತ ಇವುಗಳಲ್ಲಿ ಯಾವುದು ಸರಿ? ಎರಡು ಮೈನರ್ (ಜೊತೆಗೆ ಓದುವ ಉಪವಿಷಯ) ಹಾಕಿಕೊಂಡರೆ ಕೆಲಸ ಸಿಗುವುದು ಸುಲಭವಾ? ಒಲವಿರುವುದು ಕಂಪನಿಗಳ ವ್ಯಾಲ್ಯುವೇಶನ್ (ಬೆಲೆ ಕಟ್ಟುವುದು) ಕಡೆಗೆ.

ಉತ್ತರ 1:
ವ್ಯಾಲ್ಯುವೇಶನ್ ಅಂದಮೇಲೆ ಫೈನಾನ್ಸ್ ಮೇಜರ್, ಅಕೌಂಟಿಂಗ್ ಮೈನರ್. ಇಂಟರ್‌ವ್ಯೂಗಳಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ನೋಡಿ: ಸವಕಳಿ (ಯಂತ್ರ, ಕಟ್ಟಡ ಹಳೆಯದಾದಂತೆ ಲೆಕ್ಕದಲ್ಲಿ ಇಳಿಸುವ ಬೆಲೆ) 10 ಹೆಚ್ಚಾದರೆ ಲಾಭ–ನಷ್ಟ, ಕ್ಯಾಶ್ ಫ್ಲೋ (ನಗದು ಹರಿವು), ಬ್ಯಾಲೆನ್ಸ್ ಶೀಟ್ ಈ ಮೂರೂ ಸ್ಟೇಟ್‌ಮೆಂಟ್‌ಗಳಲ್ಲಿ ಏನಾಗುತ್ತದೆ? ತೆರಿಗೆ 30% ಎಂದಿಟ್ಟುಕೊಳ್ಳಿ. ನಿವ್ವಳ ಲಾಭ 7 ಇಳಿಯುತ್ತದೆ. ಸವಕಳಿಗೆ ದುಡ್ಡು ಕೈಬಿಟ್ಟು ಹೋಗಿರುವುದಿಲ್ಲ, ಆದ್ದರಿಂದ ಕ್ಯಾಶ್ ಫ್ಲೋನಲ್ಲಿ ಆ 10 ಮರಳಿ ಸೇರಿ ನಗದು 3 ಏರುತ್ತದೆ. ಅದು ತೆರಿಗೆಯಲ್ಲಿ ಉಳಿತಾಯವಾದ ದುಡ್ಡು. ಬ್ಯಾಲೆನ್ಸ್ ಶೀಟಿನ ಆಸ್ತಿ ಬದಿಯಲ್ಲಿ ನಗದು 3 ಹೆಚ್ಚು, ಯಂತ್ರ–ಕಟ್ಟಡದ ಬೆಲೆ 10 ಕಡಿಮೆ. ಆಚೆ ಬದಿಯಲ್ಲಿ ರಿಟೈನ್ಡ್ ಅರ್ನಿಂಗ್ಸ್ (ಹಂಚದೆ ಕಂಪನಿಯಲ್ಲೇ ಉಳಿಸಿದ ಲಾಭ) 7 ಕಡಿಮೆ. ಎರಡೂ ಬದಿ ತಾಳೆಯಾಯಿತು. ಖರ್ಚು ಏರಿತು, ಹಾಗಾಗಿ ನಗದು ಇಳಿಯಿತು ಎನ್ನುವವರು ಎಡವುವುದೇ ಇಲ್ಲಿ. ಪರಿಚಯದ ಒಂದು ಪೇಪರ್ ಸಾಲದು, ಇಂಟರ್‌ಮೀಡಿಯೇಟ್ ಅಕೌಂಟಿಂಗ್‌ವರೆಗೆ ಓದಲೇಬೇಕು.

ಉತ್ತರ 2:
ಮೈನರ್ ಒಂದೇ ಸಾಕು. ಎರಡು ಹೊತ್ತುಕೊಂಡು ಗ್ರೇಡ್ ಕುಸಿದರೆ ಅರ್ಜಿ ಮೊದಲ ಜರಡಿಯಲ್ಲೇ ಉದುರಬಹುದು, ಮೈನರ್ ಹೆಸರನ್ನು ಯಾರೂ ಓದುವುದಿಲ್ಲ. ಸ್ಟ್ಯಾಟಿಸ್ಟಿಕ್ಸ್ ಬೇಕೆನಿಸಿದರೆ ರಿಗ್ರೆಶನ್ (ಒಂದು ಅಂಶ ಇನ್ನೊಂದರ ಜೊತೆ ಹೇಗೆ ಬದಲಾಗುತ್ತದೆ ಎಂದು ಅಳೆಯುವ ವಿಧಾನ) ಪೇಪರ್ ಬಿಡಿಯಾಗಿ ತೆಗೆದುಕೊಳ್ಳಿ. ಅದಕ್ಕೆ ಮುಂಚೆ ಕ್ಯಾಲ್ಕ್ಯುಲಸ್ ಮುಗಿದಿರಬೇಕೇ ಅಂತ ಈಗಲೇ ವಿಚಾರಿಸಿ, ಕೊನೆಯ ವರ್ಷದಲ್ಲಿ ಗೊತ್ತಾದರೆ ದಾರಿ ಇರುವುದಿಲ್ಲ. ಇನ್ನೊಂದು: ಕಾರ್ಪೊರೇಟ್ ಫೈನಾನ್ಸ್ ಪೇಪರನ್ನು ಇಂಟರ್ನ್‌ಶಿಪ್ ಅರ್ಜಿಗೆ ಮೊದಲೇ ಮುಗಿಸಿ. ಇಂಟರ್‌ವ್ಯೂನಲ್ಲಿ ಡಿಸ್ಕೌಂಟೆಡ್ ಕ್ಯಾಶ್ ಫ್ಲೋ (ಮುಂದೆ ಬರುವ ನಗದಿನ ಇಂದಿನ ಬೆಲೆ ಲೆಕ್ಕಹಾಕುವುದು) ಕೇಳಿಯೇ ಕೇಳುತ್ತಾರೆ.

ಉತ್ತರ 3:
ಗಣಿತದ ಮೇಜರ್ ಷೇರು ಮುಂತಾದವುಗಳ ಬೆಲೆಯನ್ನು ಆಧರಿಸಿದ ಒಪ್ಪಂದಗಳಾದ ಡೆರಿವೇಟಿವ್‌ಗಳಿಗೆ ಬೆಲೆ ಕಟ್ಟುವ ಕ್ವಾಂಟ್ ಕೆಲಸಕ್ಕೆ. ಅಲ್ಲಿ ಪ್ರಾಬಬಿಲಿಟಿ, ಲೀನಿಯರ್ ಆಲ್ಜೀಬ್ರಾ, ಡಿಫರೆನ್ಷಿಯಲ್ ಈಕ್ವೇಶನ್ಸ್, ಪ್ರೋಗ್ರಾಮಿಂಗ್ ಇಲ್ಲದೆ ಹೆಜ್ಜೆ ಇಡಲಾಗದು. ನಿಮ್ಮ ಗುರಿಗೆ ಅಷ್ಟು ಬೇಕಿಲ್ಲ. ಕಾಲೇಜಿನಲ್ಲಿ ಫೈನಾನ್ಸ್ ಮೇಜರ್ ಇಲ್ಲವೆಂದರೆ ಎಕನಾಮಿಕ್ಸ್ ಕಡಿಮೆಯೇನಲ್ಲ, ಎಕನೊಮೆಟ್ರಿಕ್ಸ್ (ಆರ್ಥಿಕ ಅಂಕಿಅಂಶಗಳ ವಿಶ್ಲೇಷಣೆ) ಮಾತ್ರ ತಪ್ಪಿಸಬೇಡಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಹೂಡಿಕೆ, ಫೈನಾನ್ಸ್ ವೃತ್ತಿಯವರ ಸಿಎಫ್ಎ ಪರೀಕ್ಷೆಯನ್ನು ಪದವಿ ಓದುತ್ತಲೇ ಬರೆಯಬಹುದಾ?

ಉತ್ತರ 2:
ಮೂರು ಹಂತಗಳಲ್ಲಿ ಮೊದಲನೆಯದನ್ನು ಪದವಿ ಮುಗಿಯಲು 23 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇರುವಾಗ ಬರೆಯಬಹುದು. ಇಂಟರ್‌ಮೀಡಿಯೇಟ್ ಅಕೌಂಟಿಂಗ್ ಮುಗಿಸಿ ಕೂತರೆ ಅದರ ಫೈನಾನ್ಷಿಯಲ್ ಸ್ಟೇಟ್‌ಮೆಂಟ್ ಭಾಗ ಬಹುಪಾಲು ಓದಿದ್ದೇ ಆಗಿರುತ್ತದೆ.