ನೈಋತ್ಯ ಇಂಗ್ಲೆಂಡ್ ಕ್ಷೇತ್ರ ಮತ್ತು ಜಿಬ್ರಾಲ್ಟರ್: ಚುನಾವಣಾ ವಕೀಲರೊಂದಿಗೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಬ್ರಿಸ್ಟಲ್ ಸದಸ್ಯೆ: ನಮಸ್ಕಾರ ಸರ್. 2019ರ ಮೇ ತಿಂಗಳಲ್ಲಿ ನಾನು ಭಾರತದ ಪ್ರಜೆಯಾಗಿದ್ದುಕೊಂಡೇ ಯುರೋಪಿಯನ್ ಸಂಸತ್ತಿನ ಚುನಾವಣೆಯಲ್ಲಿ ಮತ ಹಾಕಿದ್ದೆ. ಅದು ಕ್ರಮಬದ್ಧವೇ? ಸ್ಪೇನ್‌ನ ದಕ್ಷಿಣ ತುದಿಗೆ ಅಂಟಿಕೊಂಡಿರುವ ದೂರದ ಬ್ರಿಟಿಷ್ ಪ್ರದೇಶ ಜಿಬ್ರಾಲ್ಟರ್ ನಮ್ಮ ನೈಋತ್ಯ ಇಂಗ್ಲೆಂಡ್ ಕ್ಷೇತ್ರಕ್ಕೆ ಹೇಗೆ ಸೇರಿತ್ತು?

ವಕೀಲರು: ಕ್ರಮಬದ್ಧವೇ, ಮೇಡಂ. ಬ್ರಿಟನ್ನಿನಲ್ಲಿ ವಾಸವಾಗಿದ್ದ ಅರ್ಹ ಕಾಮನ್‌ವೆಲ್ತ್ ಪ್ರಜೆಗಳಿಗೆ ಆ ಹಕ್ಕಿತ್ತು. ಜಿಬ್ರಾಲ್ಟರ್ ವಿಷಯ ಇದಕ್ಕಿಂತ ಸ್ವಾರಸ್ಯಕರ. 1973ರಿಂದ ಯುರೋಪಿನ ಹಲವು ಕಾನೂನುಗಳು ಅಲ್ಲಿನ ಜನರಿಗೆ ಅನ್ವಯಿಸುತ್ತಿದ್ದರೂ, ಆ ಕಾನೂನು ಮಾಡುವವರನ್ನು ಆರಿಸುವ ಮತ ಅವರಿಗಿರಲಿಲ್ಲ. 1994ರಲ್ಲಿ ಮತದಾರರ ಪಟ್ಟಿಗೆ ಸೇರಿಸಲು ನಿರಾಕರಿಸಿದ್ದನ್ನು ಡೆನೀಸ್ ಮ್ಯಾಥ್ಯೂಸ್ ಎಂಬ ನಿವಾಸಿ ಪ್ರಶ್ನಿಸಿದರು. 1999ರಲ್ಲಿ ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯವು ಅವರ ಪರ ತೀರ್ಪಿತ್ತಿತು. ಪ್ರತ್ಯೇಕ ಸ್ಥಾನ ಕೊಡುವಷ್ಟು ಮತದಾರರು ಅಲ್ಲಿರಲಿಲ್ಲವಾದ್ದರಿಂದ, 2004ರ ಚುನಾವಣೆಗೆ ಅದನ್ನು ನಿಮ್ಮ ಕ್ಷೇತ್ರಕ್ಕೆ ಸೇರಿಸಲಾಯಿತು. ಯುರೋಪಿಯನ್ ಒಕ್ಕೂಟದ ಪ್ರಜೆಗಳಲ್ಲದ ಕಾಮನ್‌ವೆಲ್ತ್ ಪ್ರಜೆಗಳೂ ಅಲ್ಲಿ ಮತ ಹಾಕುವುದಕ್ಕೆ ಸ್ಪೇನ್ ತಕರಾರು ತೆಗೆಯಿತು. 2006ರಲ್ಲಿ ಲಕ್ಸೆಂಬರ್ಗ್‌ನಲ್ಲಿರುವ ಒಕ್ಕೂಟದ ನ್ಯಾಯಾಲಯ ಆ ತಕರಾರನ್ನು ತಳ್ಳಿಹಾಕಿತು. ನಿಮ್ಮ ಮತದ ಸಿಂಧುತ್ವಕ್ಕೂ ಆ ತೀರ್ಪಿನಲ್ಲಿ ಬಲವಿದೆ.

ಎಕ್ಸೆಟರ್ ಸದಸ್ಯ: ಹಳೆಯ ಮತದಾರರ ಪಟ್ಟಿಯಲ್ಲಿದ್ದವರು ಜಿಬ್ರಾಲ್ಟರ್ ಮೂಲಕ ಈಗಲೂ ಯುರೋಪಿಯನ್ ಸಂಸತ್ತಿಗೆ ಮತ ಹಾಕಬಹುದೆಂಬ ಫಾರ್ವರ್ಡ್ ಬಂದಿದೆ. ಅದರಲ್ಲಿರುವ ಅರ್ಜಿಯನ್ನು ತುಂಬಲೇ?

ವಕೀಲರು: ತುಂಬಬೇಡಿ. 2020ರ ಜನವರಿ 31ರಂದು ಬ್ರಿಟನ್ ಯುರೋಪಿಯನ್ ಒಕ್ಕೂಟದಿಂದ ಹೊರಬಂದಾಗ ಆ ಕ್ಷೇತ್ರವೇ ಇಲ್ಲವಾಯಿತು. ಜಿಬ್ರಾಲ್ಟರ್ ಕೂಡ ಒಕ್ಕೂಟದಿಂದ ಹೊರಬಂದಿದೆ. ಇಂತಹ ಅರ್ಜಿಗಳಿಗೆ ಪಾಸ್‌ಪೋರ್ಟ್ ಸಂಖ್ಯೆ ಕೊಟ್ಟು ಆಮೇಲೆ ನನ್ನ ಬಳಿ ಬರಬೇಡಿ.

ಬಾತ್ ಸದಸ್ಯ: 2019ರಲ್ಲಿ ನಮ್ಮ ಕ್ಷೇತ್ರದಲ್ಲಿ ಸುಮಾರು ಶೇ. 37 ಮತಕ್ಕೆ ಬ್ರೆಕ್ಸಿಟ್ ಪಕ್ಷಕ್ಕೆ ಆರರಲ್ಲಿ ಮೂರು ಸ್ಥಾನ! ಇದನ್ನು ಮತಗಳಿಗೆ ತಕ್ಕಂತೆ ಸ್ಥಾನ ಹಂಚುವ ಅನುಪಾತ ಪದ್ಧತಿ ಎನ್ನುತ್ತೀರಾ?

ಪ್ಲಿಮತ್ ಸದಸ್ಯ: ಲಿಬರಲ್ ಡೆಮಾಕ್ರಾಟರಿಗೆ ಎರಡು, ಗ್ರೀನ್ ಪಕ್ಷಕ್ಕೆ ಒಂದು ಸಿಕ್ಕಿದ್ದನ್ನು ಮಾತ್ರ ಹೇಳುವುದಿಲ್ಲ. 1999ಕ್ಕೆ ಮುಂಚಿನಂತೆ ಒಂದು ಕ್ಷೇತ್ರಕ್ಕೆ ಒಬ್ಬನೇ ಪ್ರತಿನಿಧಿ ಇದ್ದಿದ್ದರೆ ಆ ಮೂರೂ ಸಿಗುತ್ತಿದ್ದವೇ?

ಬಾತ್ ಸದಸ್ಯ: ಸೋತ ಪಕ್ಷಗಳಿಗೆ ಮತ ಹಾಕಿದವರ ಗತಿಯೇನು ಎಂದಷ್ಟೇ ಕೇಳಿದೆ. ನಿಮಗೆ ಎಲ್ಲದರಲ್ಲೂ ಪಕ್ಷವೇ ಕಾಣುತ್ತದೆ.

ವಕೀಲರು: ಇಲ್ಲಿ ಸ್ಥಾನ ಹಂಚಲು ಬಳಸಿದ ಡಿ'ಹಾಂಟ್ ಪದ್ಧತಿಯಲ್ಲಿ ಒಂದು ಸ್ಥಾನ ಸಿಕ್ಕ ಪಕ್ಷದ ಮತಗಳನ್ನು ಎರಡರಿಂದ, ಎರಡು ಸಿಕ್ಕರೆ ಮೂರರಿಂದ ಭಾಗಿಸಿ, ಆಗ ಹೆಚ್ಚು ಮತವಿರುವ ಪಕ್ಷಕ್ಕೆ ಮುಂದಿನ ಸ್ಥಾನ ಕೊಡುತ್ತಾರೆ. ಬ್ರೆಕ್ಸಿಟ್ ಪಕ್ಷದ ಶೇ. 37ನ್ನು ಮೂರರಿಂದ ಭಾಗಿಸಿದರೂ ಸುಮಾರು 12. ಕನ್ಸರ್ವೇಟಿವರ ಪೂರ್ತಿ ಮತವೇ ಶೇ. 9ನ್ನು ಮುಟ್ಟಲಿಲ್ಲ. ಸ್ಥಾನಗಳು ಆರೇ ಇದ್ದಾಗ ಸಣ್ಣ ಪಾಲಿಗೆ ಏನೂ ಸಿಗುವುದಿಲ್ಲ.

ಟಾಂಟನ್ ಸದಸ್ಯೆ: ಸರ್, ಪಕ್ಷದ ಪಟ್ಟಿಯಲ್ಲಿ ಅಭ್ಯರ್ಥಿಗಳ ಕ್ರಮವನ್ನು ಮತದಾರರು ಬದಲಿಸಬಹುದಿತ್ತೇ?

ಪ್ಲಿಮತ್ ಸದಸ್ಯ: ಬಾತ್‌ನವರು ಈಗಲಾದರೂ ಭಾಗಾಕಾರ ಕಲಿಯಲಿ.

ಬಾತ್ ಸದಸ್ಯ: ನಿಮ್ಮ ಉಪದೇಶ ನನಗೆ ಬೇಕಿಲ್ಲ.

ಗ್ಲಾಸ್ಟರ್ ಸದಸ್ಯ: ಸರ್, ಜಿಬ್ರಾಲ್ಟರ್ ಮೂಲಕ ಮತ ಹಾಕುವ ಫಾರ್ವರ್ಡ್ ಒಂದು ಬಂದಿದೆ, ನಿಜವೇ?

ವಕೀಲರು: ಮೇಲೆ ಓದಿ.