ಸಿವಿಸಿಆರ್‌ಎಂ: ರಶೀದಿ ಪಿಡಿಎಫ್‌ನಲ್ಲಿ ಒತ್ತಕ್ಷರ ಒಡೆದು ಬರುತ್ತಿದೆ, ಸ್ಕ್ರೀನ್‌ನಲ್ಲಿ ಸರಿ ಇದೆ

ಕೆರೆಏರಿ (ಬೇಲೂರು):
ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ಕಡೆಯ ಸಣ್ಣ ಟ್ರಸ್ಟ್. ಕೆರೆ ಹೂಳೆತ್ತಿಸುವುದು, ಏರಿ ಮೇಲಿನ ಗಿಡಗಂಟಿ ಕೀಳಿಸುವುದು, ಇಂಥ ಕೆಲಸ. ದಾನಿಗಳ ಪಟ್ಟಿ ಮೊದಲು ಎಕ್ಸೆಲ್‌ನಲ್ಲಿತ್ತು. ಈಗ ನಮ್ಮ ವರ್ಡ್‌ಪ್ರೆಸ್ ವೆಬ್‌ಸೈಟ್ ಮೇಲೆ ಸಿವಿಸಿಆರ್‌ಎಂ (ದಾನಿಗಳ ವಿವರ, ದೇಣಿಗೆ ಲೆಕ್ಕ ಇಡುವ ತಂತ್ರಾಂಶ) ಹಾಕಿಕೊಂಡಿದ್ದೇವೆ, ಶೇರ್ಡ್ ಹೋಸ್ಟಿಂಗ್‌ನಲ್ಲಿ, ಅಂದ್ರೆ ಹಲವರು ಹಂಚಿಕೊಳ್ಳುವ ಬಾಡಿಗೆ ಸರ್ವರ್‌ನಲ್ಲಿ.

ತೊಂದರೆ ರಶೀದಿಯದು. ಕಾಂಟ್ಯಾಕ್ಟ್ ಪುಟದಲ್ಲಿ ಹೆಸರು, ಊರು ಎಲ್ಲ ಚೆನ್ನಾಗಿ ಕಾಣುತ್ತದೆ. ಪಿಡಿಎಫ್ ಮಾಡಿದರೆ ಮೊದಲು ಬರೀ ಪ್ರಶ್ನಾರ್ಥಕ ಚಿಹ್ನೆ ಬರುತ್ತಿತ್ತು. ಟೆಂಪ್ಲೇಟ್‌ಗೆ ನೋಟೊ ಸಾನ್ಸ್ ಕನ್ನಡ ಫಾಂಟ್ ಸೇರಿಸಿದ ಮೇಲೆ ಅಕ್ಷರವೇನೋ ಬಂತು, ಆದರೆ ಒಂದಕ್ಕೊಂದು ಕೂಡುವುದಿಲ್ಲ. ಚಿಕ್ಕಮಗಳೂರು ಹೋಗಿ "ಚಿಕ್‌ಕಮಗಳೂರು" ಆಗಿದೆ, ಶಿವಣ್ಣ "ಶಿವಣ್‌ಣ" ಆಗಿದ್ದಾರೆ. ಗುಡಿಸು ಅಕ್ಷರದ ತಲೆ ಮೇಲೆ ಕೂರದೆ ಪಕ್ಕಕ್ಕೆ ಜಾರಿದೆ. ತಮಾಷೆ ಅಂದ್ರೆ ಅರಕಲಗೂಡು ಮಾತ್ರ ನೆಟ್ಟಗೆ ಬರುತ್ತದೆ! ಯಾಕೆ ಅಂತ ಗೊತ್ತಾಗಲಿಲ್ಲ. ಮಾರ್ಚ್ ಮುಗಿಯುವುದರೊಳಗೆ ರಶೀದಿ ಕೊಡಬೇಕು.

ಟೇಬಲ್‌ಫ್ಯಾನ್:
ಪ್ರಶ್ನಾರ್ಥಕ ಚಿಹ್ನೆ ಬಂತು ಅಂದ್ರೆ ಡೇಟಾಬೇಸ್‌ನದೇ ತೊಂದರೆ ಸರ್. ಎಲ್ಲ ಟೇಬಲ್‌ಗಳನ್ನೂ ಯುಟಿಎಫ್8ಎಂಬಿ4 ಎಂಬ ಅಕ್ಷರ ಸಂಕೇತಕ್ಕೆ ಬದಲಾಯಿಸಿ ನೋಡಿ.

ಗಿರಿಸರ್ವರ್ (ಚಿಕ್ಕಮಗಳೂರು):
ಸರ್, ಡೇಟಾಬೇಸ್ ಮುಟ್ಟಬೇಡಿ. ಸ್ಕ್ರೀನ್‌ನಲ್ಲಿ ಸರಿ ಇದೆ ಅಂದ ಮೇಲೆ ಒಳಗೂ ಸರಿಯೇ ಇದೆ. ಯುಟಿಎಫ್8ಎಂಬಿ4 ಬೇಕಾಗುವುದು ಎಮೋಜಿಯಂಥ ನಾಲ್ಕು ಬೈಟಿನ ಅಕ್ಷರಗಳಿಗೆ. ಕನ್ನಡಕ್ಕೆ ಮೂರು ಬೈಟ್ ಸಾಕು, ಹಳೇ ಯುಟಿಎಫ್8ನಲ್ಲೇ ಹಿಡಿಸುತ್ತದೆ. ಬದಲಾಯಿಸುವುದು ಒಳ್ಳೆಯದೇ, ಆದರೆ ಈ ಕಾಯಿಲೆಗೆ ಅದು ಮದ್ದಲ್ಲ.

ಸಿವಿಸಿಆರ್‌ಎಂ ತಾನಾಗಿ ಪಿಡಿಎಫ್ ಮಾಡುವುದು ಡಾಂಪಿಡಿಎಫ್ ಎಂಬ ಲೈಬ್ರರಿಯಿಂದ. ಅದರ ಜೊತೆ ಬರುವ ಫಾಂಟ್‌ಗಳಲ್ಲಿ ಕನ್ನಡ ಇಲ್ಲ, ಅದಕ್ಕೇ ಮೊದಲು ಪ್ರಶ್ನಾರ್ಥಕ ಚಿಹ್ನೆ. ನೀವು ಫಾಂಟ್ ಕೊಟ್ಟಿರಿ, ಚಿಹ್ನೆ ಹೋಯಿತು. ಆದರೆ ಕನ್ನಡಕ್ಕೆ ಫಾಂಟ್ ಇದ್ದರಷ್ಟೇ ಸಾಲದು. ಕ, ಹಲಂತ (ಸ್ವರ ತೆಗೆಯುವ ಗುರುತು), ಕ ಅಂತ ಸಾಲಾಗಿ ಬಂದಾಗ ಎರಡನೇ ಕ ಒತ್ತಾಗಿ ಕೆಳಗೆ ಇಳಿಯಬೇಕು. ಚ ಜೊತೆ ಗುಡಿಸು ಬಂದರೆ ತಲೆಕಟ್ಟು ಹೋಗಿ ಅಕ್ಷರದ ಆಕಾರವೇ ಬೇರೆ ಆಗಬೇಕು. ಈ ಜೋಡಿಸುವ ಕೆಲಸಕ್ಕೆ ಶೇಪಿಂಗ್ ಅಂತಾರೆ. ಬ್ರೌಸರ್ ಅದನ್ನು ಮಾಡುತ್ತದೆ, ಡಾಂಪಿಡಿಎಫ್ ಮಾಡುವುದಿಲ್ಲ. ಇಟ್ಟಿಗೆ ತಂದು ಸಾಲಾಗಿ ಇಟ್ಟು ಹೋದ ಹಾಗೆ, ಗೋಡೆ ಕಟ್ಟುವವರಿಲ್ಲ.

ಈಗ ನಿಮ್ಮ ಅರಕಲಗೂಡು ನೋಡಿ. ಅದರಲ್ಲಿ ಒತ್ತಿಲ್ಲ, ಗುಡಿಸಿಲ್ಲ, ಎತ್ವ ಇಲ್ಲ. ಇರುವುದು ಕೊಂಬು ಮಾತ್ರ, ಅದು ಹೇಗಿದ್ದರೂ ಬಲಗಡೆ ಬಂದು ಕೂರುವಂಥದ್ದು. ಹಾಗಾಗಿ ಜೋಡಿಸುವವರು ಇಲ್ಲದಿದ್ದರೂ ಸರಿಯಾಗಿಯೇ ಕಾಣುತ್ತದೆ. ಕಮಲ ಅಂತ ಹೆಸರಿದ್ದರೆ ಅದೂ ಸರಿ ಬರುತ್ತದೆ, ಕಮಲಮ್ಮ ಒಡೆಯುತ್ತದೆ. ಬೇಕಾದರೆ ಪರೀಕ್ಷೆ ಮಾಡಿ.

ಪರಿಹಾರ ಅಂದ್ರೆ ಪಿಡಿಎಫ್ ಮಾಡುವ ಯಂತ್ರವನ್ನೇ ಬದಲಿಸುವುದು. ಅಡ್ಮಿನಿಸ್ಟರ್ ಮೆನುವಿನ ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ ಮಿಸ್ಕ್ ಅಂತ ಪುಟ ಇದೆ. ಅಲ್ಲಿ ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್ (ಉಸಿರು ಕಟ್ಟಿ ಹೇಳಬೇಕು) ಎಲ್ಲಿದೆ ಅಂತ ದಾರಿ ಕೊಟ್ಟರೆ ಸಿವಿಸಿಆರ್‌ಎಂ ಡಾಂಪಿಡಿಎಫ್ ಬಿಟ್ಟು ಅದನ್ನು ಬಳಸುತ್ತದೆ. ಅದರೊಳಗೆ ಇರುವುದು ಬ್ರೌಸರ್ ಎಂಜಿನ್, ಒತ್ತಕ್ಷರ ಸರಿಯಾಗಿ ಕೂಡುತ್ತದೆ. ಒಂದೇ ಬೇಜಾರು, ಆ ಯೋಜನೆಯನ್ನು 2023ರಲ್ಲಿ ನಿಲ್ಲಿಸಿಬಿಟ್ಟರು, ಹೊಸ ಆವೃತ್ತಿ ಬರುವುದಿಲ್ಲ. ಹೊಸ ಸಿವಿಸಿಆರ್‌ಎಂನಲ್ಲಿ ವೀಸಿಪ್ರಿಂಟ್‌ಗೂ ಹೀಗೇ ದಾರಿ ಕೊಡಬಹುದು. ಅದೂ ಪಿಡಿಎಫ್ ಮಾಡುವ ಪ್ರೋಗ್ರಾಂ, ಅಕ್ಷರ ಜೋಡಿಸಲು ಪ್ಯಾಂಗೋ ಎಂಬ ಲೈಬ್ರರಿ ಬಳಸುತ್ತದೆ, ಕನ್ನಡ ಚೆನ್ನಾಗಿ ಬರುತ್ತದೆ. ಈಗ ಹೊಸದಾಗಿ ಹಾಕುವವರಿಗೆ ನಾನು ಹೇಳುವುದು ಅದನ್ನೇ.

ಎರಡರಲ್ಲಿ ಯಾವುದನ್ನು ಹಾಕಿದರೂ ಸರಿ, ಸರ್ವರ್‌ನಲ್ಲೇ ಕನ್ನಡ ಫಾಂಟ್ ಇರಬೇಕು. ಉಬುಂಟು, ಡೆಬಿಯನ್ ಆದರೆ ಫಾಂಟ್ಸ್-ನೋಟೊ-ಕೋರ್ ಪ್ಯಾಕೇಜ್ ಹಾಕಿ. ನಮ್ಮ ಗುಬ್ಬಿ, ನವಿಲು ಫಾಂಟ್‌ಗಳೂ ಅಲ್ಲೇ ಸಿಗುತ್ತವೆ. ಟೆಂಪ್ಲೇಟ್‌ನಲ್ಲಿ ಫಾಂಟ್ ಫೈಲಿಗೆ ಕೊಟ್ಟ ದಾರಿ ತೆಗೆದು ಬರೀ ಫಾಂಟ್ ಹೆಸರು ಬರೆಯಿರಿ. ಡಬ್ಲ್ಯುಕೆಎಚ್‌ಟಿಎಂಎಲ್‌ಟುಪಿಡಿಎಫ್‌ನ 0.12.6 ಆವೃತ್ತಿಯಿಂದ ಸರ್ವರ್‌ನ ಸ್ವಂತ ಫೈಲುಗಳನ್ನು ಓದಲು ತಾನಾಗಿ ಬಿಡುವುದಿಲ್ಲ. ಇದು ಗೊತ್ತಿಲ್ಲದೆ ಒದ್ದಾಡಿದವರು ಜಾಸ್ತಿ.

ಕೆರೆಏರಿ:
ಅರಕಲಗೂಡಿನ ಗುಟ್ಟು ಈಗ ಗೊತ್ತಾಯಿತು! ಕಮಲ ಹಾಕಿ ನೋಡಿದೆ, ನೀವು ಹೇಳಿದ ಹಾಗೇ ಆಯಿತು. ಆದರೆ ಹೋಸ್ಟಿಂಗ್‌ನವರನ್ನು ಕೇಳಿದರೆ ಶೇರ್ಡ್ ಪ್ಲಾನ್‌ನಲ್ಲಿ ಹೊರಗಿನ ಪ್ರೋಗ್ರಾಂ ಓಡಿಸಲು ಬಿಡುವುದಿಲ್ಲ ಅಂದರು. ವಿಪಿಎಸ್‌ಗೆ (ನಮಗೇ ಬೇರೆಯಾಗಿ ಕೊಡುವ ಸರ್ವರ್) ಹೋಗುವಷ್ಟು ದುಡ್ಡು ಈ ವರ್ಷ ಇಲ್ಲ.

ಲೆಕ್ಕದಪುಸ್ತಕ:
ಸುಮ್ನೆ ಇಂಗ್ಲಿಷ್‌ನಲ್ಲಿ ಕೊಟ್ಟುಬಿಡಿ ಅಣ್ಣ. ಹೇಗಿದ್ದರೂ ತೆರಿಗೆಗೆ ಇಂಗ್ಲಿಷೇ ಬೇಕಲ್ವಾ?

ಕೆರೆಏರಿ:
ತೆರಿಗೆ ರಿಯಾಯಿತಿ ಕೇಳುವವರು ನಮ್ಮಲ್ಲಿ ಬೆರಳೆಣಿಕೆ. ಜಾಸ್ತಿ ಜನ ಕೆರೆ ಅಚ್ಚುಕಟ್ಟಿನ ರೈತರು, ಐನೂರು ಸಾವಿರ ಕೊಡುವವರು. ತಮ್ಮ ಹೆಸರು ತಾವೇ ಓದುವ ಹಾಗಿರಲಿ ಅಂತ ಆಸೆ.

ಹೇಮಾವತಿ_ತೀರ (ಹಾಸನ):
ಸರ್ ಹೇಳುವುದು ಸರಿ ಇದೆ. ಅಲ್ಲದೆ 80ಜಿ ಅಡಿ ದೇಣಿಗೆಗೆ ತೆರಿಗೆ ರಿಯಾಯಿತಿ ಪಡೆಯಲು ಬೇಕಾದ 10ಬಿಇ ಪ್ರಮಾಣಪತ್ರ ಆದಾಯ ತೆರಿಗೆ ಪೋರ್ಟಲ್‌ನಿಂದಲೇ ಬರುವುದು, ನೀವು 10ಬಿಡಿ (ದೇಣಿಗೆಗಳ ವಿವರ ಕೊಡುವ ನಮೂನೆ) ಸಲ್ಲಿಸಿದ ಮೇಲೆ. ಟ್ರಸ್ಟ್‌ನ ರಶೀದಿ ಕನ್ನಡದಲ್ಲಿದ್ದರೆ ಅದಕ್ಕೇನೂ ಅಡ್ಡಿಯಿಲ್ಲ. ನಾವು ಮಾಡಿರುವುದು ಹೀಗೆ: ಮಾಮೂಲಿ ಹೆಸರಿನ ಜಾಗದಲ್ಲಿ ಪ್ಯಾನ್‌ನಲ್ಲಿ ಇರುವಂತೆ ಇಂಗ್ಲಿಷ್ ಹೆಸರು. "ಕನ್ನಡ ಹೆಸರು" ಅಂತ ಒಂದು ಕಸ್ಟಮ್ ಫೀಲ್ಡ್. ರಶೀದಿ ಟೆಂಪ್ಲೇಟ್‌ನಲ್ಲಿ ಆ ಫೀಲ್ಡಿನ ಟೋಕನ್ ಹಾಕುತ್ತೇವೆ, ಆ ಜಾಗದಲ್ಲಿ ಆಯಾ ದಾನಿಯ ಹೆಸರು ತಾನೇ ಬಂದು ಕೂರುತ್ತದೆ. 10ಬಿಡಿಗೆ ಪಟ್ಟಿ ತೆಗೆಯುವಾಗ ತಲೆನೋವಿಲ್ಲ.

ಶೇರ್ಡ್ ಹೋಸ್ಟಿಂಗ್‌ನಲ್ಲೂ ದಾರಿ ಇದೆ. ದೇಣಿಗೆಗಳನ್ನು ಹುಡುಕಿ, ಎಲ್ಲವನ್ನೂ ಆರಿಸಿ, ಥ್ಯಾಂಕ್ ಯು ಲೆಟರ್ಸ್ ಕೊಡಿ. ಅಲ್ಲಿ ಪಿಡಿಎಫ್ ಬದಲು ಡಾಕ್ಸ್ ಅಥವಾ ಒಡಿಟಿ (ತಿದ್ದಬಹುದಾದ ಡಾಕ್ಯುಮೆಂಟ್ ಫೈಲ್) ಆರಿಸಬಹುದು. ಬಂದ ಫೈಲನ್ನು ನಿಮ್ಮ ಕಂಪ್ಯೂಟರ್‌ನಲ್ಲಿ ಲಿಬ್ರೆಆಫೀಸ್‌ನಲ್ಲಿ ತೆರೆದು ಅಲ್ಲಿಂದ ಪಿಡಿಎಫ್ ಮಾಡಿ. ಜೋಡಿಸುವ ಕೆಲಸ ಲಿಬ್ರೆಆಫೀಸ್‌ನದು, ಸರ್ವರ್‌ನ ಹಂಗಿಲ್ಲ. ಇಮೇಲ್ ಇರುವವರಿಗೆ ರಶೀದಿಯನ್ನು ಪಿಡಿಎಫ್ ಮಾಡದೆ ಇಮೇಲ್ ಒಳಗೇ ಕಳಿಸಿ, ಫೋನಿನಲ್ಲಿ ಸರಿಯಾಗಿಯೇ ಕಾಣುತ್ತದೆ.

ಕೆರೆಏರಿ:
ಮೇಡಂ, ಒಡಿಟಿ ದಾರಿ ಕೆಲಸ ಮಾಡಿತು! ಶಿವಣ್ಣನವರು ಮತ್ತೆ ಶಿವಣ್ಣ ಆದರು. ಪ್ರಿಂಟ್ ಹಾಕಿಸಿ ಹಂಚಲು ಶುರು ಮಾಡಿದ್ದೇವೆ.

ಇನ್ನೊಂದು ಉಳಿದಿದೆ. ಹಳೇ ಪಟ್ಟಿಯಿಂದ ಬಂದ ಕೆಲವು ಹೆಸರು ಸ್ಕ್ರೀನ್‌ನಲ್ಲೇ ಕೆಟ್ಟಿವೆ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಗೆರೆ, ನಡುನಡುವೆ ಪೌಂಡ್ ಗುರುತು.

ಗಿರಿಸರ್ವರ್:
ಅದು ಹಳೇ ನುಡಿ ಫಾಂಟಿನ ಬರಹ. ಈಗ ಎಲ್ಲ ಕಡೆ ಬಳಸುವ ಯುನಿಕೋಡ್ ಸಂಕೇತ ಅಲ್ಲ, ಆ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುತ್ತದೆ. "ನ" ಇದ್ದ ಕಡೆಯೆಲ್ಲ ಪೌಂಡ್ ಗುರುತು ಕಂಡರೆ ಅನುಮಾನವೇ ಬೇಡ. ಅವರನ್ನು ಮಾತ್ರ ಎಕ್ಸ್‌ಪೋರ್ಟ್ ಮಾಡಿ, ಕಾಂಟ್ಯಾಕ್ಟ್ ಐಡಿ ಕಾಲಂ ತಪ್ಪದೆ ಇರಲಿ. ನುಡಿಯಿಂದ ಯುನಿಕೋಡ್‌ಗೆ ಬದಲಾಯಿಸುವ ಕನ್ವರ್ಟರ್‌ಗೆ ಹೆಸರಿನ ಕಾಲಂ ಒಂದನ್ನೇ ಕೊಡಿ. ಇಡೀ ಫೈಲ್ ಕೊಟ್ಟರೆ ಇಮೇಲ್ ವಿಳಾಸಗಳನ್ನೂ ಕನ್ನಡ ಅಂದುಕೊಂಡು ಕಲಸಿಬಿಡುತ್ತದೆ. ಆಮೇಲೆ ಎಕ್ಸೆಲ್‌ನಲ್ಲಿ "ಸಿಎಸ್‌ವಿ ಯುಟಿಎಫ್-8" ಅಂತಲೇ ಸೇವ್ ಮಾಡಿ, ಬರೀ ಸಿಎಸ್‌ವಿ ಬೇಡ. ಬರೀ ಸಿಎಸ್‌ವಿ ಆದರೆ ಆಗ ಬರುವ ಪ್ರಶ್ನಾರ್ಥಕ ಚಿಹ್ನೆ ನಿಜವಾಗಿಯೂ ಡೇಟಾಬೇಸ್‌ಗೇ ಹೋಗಿ ಕೂರುತ್ತದೆ, ವಾಪಸ್ ತರಲು ಆಗುವುದಿಲ್ಲ.

ಇಂಪೋರ್ಟ್ ಮಾಡುವಾಗ ಡೂಪ್ಲಿಕೇಟ್ ಸಿಕ್ಕರೆ ಅಪ್‌ಡೇಟ್ ಅಂತ ಆರಿಸಿ, ಕಾಂಟ್ಯಾಕ್ಟ್ ಐಡಿ ಹೊಂದಿಸಿ. ಮೊದಲು ಬ್ಯಾಕಪ್, ಆಮೇಲೆ ಎರಡು ಮೂರು ಸಾಲು ಮಾತ್ರ ಹಾಕಿ ನೋಡಿ.

ಟೇಬಲ್‌ಫ್ಯಾನ್:
ಡಾಂಪಿಡಿಎಫ್ ವಿಷಯ ಸಿವಿಸಿಆರ್‌ಎಂನವರ ಗಿಟ್‌ಲ್ಯಾಬ್‌ನಲ್ಲಿ (ದೋಷ, ಸಲಹೆ ದಾಖಲಿಸುವ ತಾಣ) ಹಾಕೋಣವೇ?

ಗಿರಿಸರ್ವರ್:
ಶೇಪಿಂಗ್ ಇಲ್ಲದಿರುವುದು ಡಾಂಪಿಡಿಎಫ್‌ನ ಕೊರತೆ, ಸಿವಿಸಿಆರ್‌ಎಂನವರು ಸರಿ ಮಾಡಲಾಗದು. ಅಲ್ಲಿ ಕೇಳುವುದಾದರೆ ಒಂದೇ, ಆ ಮಿಸ್ಕ್ ಪುಟದಲ್ಲಿ ಭಾರತೀಯ ಭಾಷೆಗಳಿಗೆ ಡಾಂಪಿಡಿಎಫ್ ಸಾಲದು ಅಂತ ಒಂದು ಸಾಲು ಹಾಕಿ ಅಂತ. ತಿಂಗಳಿಗೊಂದು ಆವೃತ್ತಿ ಬಿಡುತ್ತಾರೆ, ಒಪ್ಪಿದರೆ ಬೇಗ ಬಂದೀತು. ಬರೆಯುವುದಾದರೆ ಕೆರೆಏರಿ ಸರ್ ಅವರ ಒಡೆದ ಪಿಡಿಎಫ್‌ನ ಚಿತ್ರ ಸೇರಿಸಿ. ದಾನಿಗಳ ಹೆಸರು ಬೇಡ, ಊರಿನ ಹೆಸರು ಸಾಕು: ಒಂದು ಚಿಕ್ಕಮಗಳೂರು, ಒಂದು ಅರಕಲಗೂಡು.